ಸಭೆಯಲ್ಲಿ ಯಾರು ಯಾರಿಗೆ ಅಧೀನ? ರಮಾಬಾಯಿ ಎತ್ತಿದ ಪ್ರಶ್ನೆ

ಮುಂಬೈ, ಪುಣೆಯ ಕನ್ನಡ ಕ್ರೈಸ್ತ ಸಭೆಗಳಲ್ಲಿ (ಚರ್ಚ್‌ಗಳಲ್ಲಿ) ಮದುವೆಗೆ ಹೋದವರಿಗೆ, ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಚೆನ್ನಾಗಿ ಗೊತ್ತು. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಲಿ ಎನ್ನುವ 22ನೇ ವಚನದಿಂದಲೇ ಎಷ್ಟೋ ಸಲ ಓದು ಶುರುವಾಗುತ್ತದೆ. ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು ಎಲ್ಲರಿಗೂ ಹೇಳುವ 21ನೇ ವಚನ ಹಿಂದೆಯೇ ಉಳಿಯುತ್ತದೆ. ಇದು ಸಣ್ಣ ಸಂಗತಿ ಅಲ್ಲ.

ಪೌಲನ ಪತ್ರಗಳಲ್ಲಿ ಎರಡೂ ಕಡೆಯವರಿಗೆ ಆಧಾರ ಸಿಗುತ್ತದೆ. ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎಂದು 1 ಕೊರಿಂಥ 14ರಲ್ಲಿದೆ. ಅದೇ ಪತ್ರದ 11ನೇ ಅಧ್ಯಾಯ, ಪ್ರಾರ್ಥಿಸುವ, ಪ್ರವಾದಿಸುವ ಹೆಂಗಸರ ವಿಷಯ ಮಾತಾಡುತ್ತದೆ. ಅಪೊಸ್ತಲರ ಕೃತ್ಯಗಳಲ್ಲಂತೂ ಪ್ರಿಸ್ಕಿಲ್ಲ, ಗಂಡ ಅಕ್ವಿಲನ ಜೊತೆ ಸೇರಿ, ಅಪೊಲ್ಲೋಸನಂಥ ವಾಗ್ಮಿಗೇ ದೇವರ ಮಾರ್ಗವನ್ನು ವಿವರಿಸುತ್ತಾಳೆ.

ಪಶ್ಚಿಮ ಭಾರತದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಪಂಡಿತಾ ರಮಾಬಾಯಿ. ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ನಿರ್ಗತಿಕ ಹೆಂಗಸರಿಗೆ ಆಶ್ರಯವಾದ ಮುಕ್ತಿ ಮಿಷನ್‌ನಿಂದ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ತಂದೆ ಅನಂತಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಮುಂದೆ ಉತ್ತರ ಕೊಡಬೇಕಾಯಿತು. ಶಾಸ್ತ್ರದಲ್ಲಿ ಎಲ್ಲೂ ಅಡ್ಡಿ ಇಲ್ಲ ಎಂದು ಅವರು ವಾದಿಸಿದರು. ಆ ಮನೆಯಲ್ಲಿ ಬೆಳೆದ ಹುಡುಗಿ ರಮಾಬಾಯಿ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಅವರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಆಮೇಲೆ ಚೆಲ್ಟನ್‌ಹ್ಯಾಮ್‌ನ ಕಾಲೇಜಿಗೆ ಸೇರಿದರು. ಅಲ್ಲಿ ಅವರು ಗಂಡಸರಿಗೆ ಪಾಠ ಹೇಳುವ ಮಾತು ಬಂದಾಗ ಬಿಷಪ್‌ಗಳು ಬೇಡ ಅಂದರು. ಇದರಿಂದ ಭಾರತದಲ್ಲಿ ರಮಾಬಾಯಿಯ ಹೆಸರು ಕೆಡುತ್ತದೆ ಎನ್ನುವುದು ಬಿಷಪ್‌ಗಳ ವಾದ. ನನ್ನ ತಂದೆಯಾಗಲಿ, ಗಂಡನಾಗಲಿ ಇದಕ್ಕೆ ಅಡ್ಡಿ ಮಾಡಲಿಲ್ಲ, ನೀವು ಮಾಡುತ್ತೀರಲ್ಲ ಎಂದು ರಮಾಬಾಯಿ ಅಚ್ಚರಿಪಟ್ಟರು. 1885ರ ಪತ್ರಗಳಲ್ಲಿ ಇನ್ನೂ ಕಡಕ್ಕಾಗಿ ಬರೆದರು: ಭಾರತದ ಪುರೋಹಿತರ ನೊಗದಿಂದ ಕಷ್ಟಪಟ್ಟು ಹೊರಬಂದಿದ್ದೇನೆ, ಇನ್ನೊಂದು ನೊಗಕ್ಕೆ ಕೊರಳು ಕೊಡಲಾರೆ. ದೇವರಿಗೆ ಅಧೀನಳಾಗಲು ಅವರಿಗೆ ಹಿಂಜರಿಕೆ ಇರಲಿಲ್ಲ. ಪಾದ್ರಿಯ ಮಾತೇ ದೇವರ ಮಾತು ಎನ್ನುವುದನ್ನು ಮಾತ್ರ ಅವರು ಒಪ್ಪಲಿಲ್ಲ.

1889ರಲ್ಲಿ ಮುಂಬೈಯಲ್ಲಿ ರಮಾಬಾಯಿ ವಿಧವೆಯರಿಗಾಗಿ ತೆರೆದ ಶಾಲೆ, ಶಾರದಾ ಸದನ ಶುರುವಾಯಿತು. ಮರುವರ್ಷ ಅದು ಪುಣೆಗೆ ಬಂತು. 1905ರ ಉಜ್ಜೀವನದ (ಭಕ್ತಿಯ ಹೊಸ ಜಾಗೃತಿಯ) ದಿನಗಳಲ್ಲಿ ಮುಕ್ತಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಹಳ್ಳಿಗಳಿಗೆ ಹೋಗಿ ಸುವಾರ್ತೆ ಸಾರಿದರು.

ಸಭೆಗಳ ನಿಯಮ ಬದಲಾಗಲು ಹೆಚ್ಚು ಕಾಲ ಹಿಡಿಯಿತು. ಮೆಥಡಿಸ್ಟರು 1956ರಲ್ಲಿ ಹೆಂಗಸರಿಗೆ ಪೂರ್ಣ ಪಾದ್ರಿ ಹಕ್ಕು ಕೊಟ್ಟರು. ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) 1976ರಲ್ಲಿ ಮೊದಲ ಮಹಿಳೆಗೆ ಗುರುದೀಕ್ಷೆ, ಅಂದರೆ ಪಾದ್ರಿಯ ದೀಕ್ಷೆ, ಆಯಿತು. 2013ರಲ್ಲಿ ನಂದ್ಯಾಲಕ್ಕೆ ಪುಷ್ಪಾ ಲಲಿತಾ ಬಿಷಪ್ ಆದರು. ಕಥೋಲಿಕರಲ್ಲಿ 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರ ಸಭೆಗಿಲ್ಲ ಎಂದರು.

ಇವತ್ತು ಪ್ರಶ್ನೆ ಹೆಣ್ಣು-ಗಂಡಿನದ್ದಷ್ಟೇ ಅಲ್ಲ. ಸ್ವತಂತ್ರ ಸಭೆಗಳಲ್ಲಿ ಪಾಸ್ಟರ್ ಒಬ್ಬರೇ ಎಲ್ಲ ತೀರ್ಮಾನ ಮಾಡುವುದುಂಟು. ಕಾಣಿಕೆಯ ಲೆಕ್ಕ ಕೇಳಿದವರಿಗೆ ಇಬ್ರಿಯ 13:17 ತೋರಿಸುವುದೂ ಉಂಟು: ನಿಮ್ಮ ನಾಯಕರ ಮಾತು ಕೇಳಿರಿ. ಆ ವಚನವನ್ನು ಪೂರ್ತಿ ಓದಬೇಕು, ಅಲ್ವಾ? ಆ ನಾಯಕರು ಲೆಕ್ಕ ಒಪ್ಪಿಸಬೇಕಾದವರು ಅಂತ ಅದರಲ್ಲೇ ಇದೆ. ಹಿರಿಯರು ಮಂದೆಯ ಮೇಲೆ ದೊರೆತನ ಮಾಡಬಾರದು ಎಂದು 1 ಪೇತ್ರ 5:3 ಹೇಳುತ್ತದೆ. ಅಧೀನತೆಯ ಬಗ್ಗೆ ಪ್ರಸಂಗ ಮಾಡುವ ಭಾನುವಾರ ಈ ವಚನಗಳನ್ನೂ ಜೊತೆಗೆ ಓದಲಿ ಎಂದು ಸಭೆಯವರು ಕೇಳಬಹುದು. ಆ ಹಕ್ಕು ಅವರಿಗಿದೆ.