ಎತ್ತಿನ ಜೋಡಿ ಇದ್ದಂಗ ಸೆಲ್ಲಿನ ಜೋಡಿ: 18650 ಸೆಲ್ ಕೂಡಿಸೋ ಬಗ್ಗೆ ನನ್ನ ಟಿಪ್ಪಣಿ

ಮೊದಲು ಕಾಕಾನ ಟಾರ್ಚ್ ಬಗ್ಗೆ ಹೇಳ್ತೀನಿ, ಯಾಕಂದ್ರ ಈ ಟಿಪ್ಪಣಿ ಶುರು ಆಗಿದ್ದೇ ಅದರಿಂದ. ಕಾಕಾಂದು ಜೇವರ್ಗಿ ಕಡೆ ಹೊಲ, ರಾತ್ರಿ ಪಾಳಿ ಕರೆಂಟ್ ಬಂದಾಗ ಮೋಟರ್ ಚಾಲೂ ಮಾಡ್ಲಿಕ್ಕೆ ಹೋಗ್ಬೇಕು, ಹಾವು ಚೇಳಿನ ಭಯ ಬೇರೆ, ಹಂಗಾಗಿ ಮೂರು 18650 ಸೆಲ್ (ಮತ್ತ ಮತ್ತ ಚಾರ್ಜ್ ಮಾಡೋ ಲಿಥಿಯಂ ಸೆಲ್) ಹಾಕೋ ಒಂದು ದೊಡ್ಡ ಟಾರ್ಚ್ ಇಟ್ಕೊಂಡಾರ. ಹೋದ ವರ್ಷ ಒಂದು ಸೆಲ್ ಕೆಟ್ಟಿತ್ತು, ಅದರ ಜಾಗಾಕ್ಕ ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಒಂದು ಹಸಿರು ಸೆಲ್ ಹಾಕಿದ್ರು. ಆಮ್ಯಾಲಿಂದ ಅರ್ಧ ತಾಸಿಗೆ ಬೆಳಕು ಮಂದ ಆಗ್ತದ, ನೋಡು ತಮ್ಮಾ ಅಂತ ನನ್ನ ಕೈಗೆ ಕೊಟ್ರು. ಹಿಂದಿನ ಮುಚ್ಚಳ ಬಿಚ್ಚಿ ಮೂರೂ ಸೆಲ್ ಮೇಜಿನ ಮ್ಯಾಲ ಸಾಲಾಗಿ ಇಟ್ಟು ಮೀಟರ್ 20 ವೋಲ್ಟ್ ಡಿಸಿಗೆ ತಿರುಗಿಸಿ ಹಚ್ಚಿದೆ. ನೀಲಿ ಸೆಲ್ 3.62, ಇನ್ನೊಂದು ನೀಲಿ 3.61, ಹಸಿರು 1.07. ಹಸಿರಿಂದು ಪ್ಲಸ್ ಕಡೆ ಪ್ಲಾಸ್ಟಿಕ್ ಹೊದಿಕೆ ಕಾವಿಗೆ ಸುಕ್ಕಾಗಿ ಒಂದು ಕಡೆ ಮ್ಯಾಲ ಎದ್ದಿತ್ತು, ಒಳಗಿನ ಲೋಹ ಕೂದಲೆಳಿ ಅಷ್ಟು ಕಾಣ್ತಿತ್ತು. ಈ ಟಾರ್ಚ್ ದಿನಾ ಚಾರ್ಜಿಗೆ ಹಚ್ಚೋದು ಸಣ್ಣ ಹುಡುಗರು ಮಲಗೋ ಕೋಣ್ಯಾಗ. ನನಗ ಎದಿ ಧಸಕ್ ಅಂತು.

ಕಾಕಾ ಅಂದಿದ್ದು ಇಷ್ಟೇ, ಸೈಜ್ ಒಂದೇ ಅದ, ಬರೋಬರ್ ಕೂಡ್ತದ, ಲೈಟ್ ಹತ್ತತದ, ಇನ್ನೇನ್ ಬೇಕು. ನಮ್ಮ ಕ್ಲಾಸಿನಾಗೂ ಭಾಳ ಮಂದಿ ಹಿಂಗೇ ತಿಳ್ಕೊಂಡಾರ, ಅದಕ್ಕ ಬರ್ಯಾಕತ್ತೀನಿ.

18650 ಅನ್ನೋದು ಬರೇ ಅಳತಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕಡಿ ಸೊನ್ನಿ ಅಂದ್ರ ದುಂಡಂದು ಅಂತ. ಒಳಗ ಏನದ ಅಂತ ಆ ನಂಬರ್ ಹೇಳಂಗಿಲ್ಲ. ಒಳಗಿನ ಮಾಲು ಸೆಲ್ಲಿನ ಮ್ಯಾಲಿನ ಅಕ್ಷರದಾಗ ಇರ್ತದ: ಐಸಿಆರ್ ಅಂದ್ರ ಕೋಬಾಲ್ಟ್, ಐಎಂಆರ್ ಅಂದ್ರ ಮ್ಯಾಂಗನೀಸ್, ಐಎನ್‌ಆರ್ ಅಂದ್ರ ನಿಕ್ಕಲ್ ಬೆರೆಸಿದ್ದು, ಐಎಫ್‌ಆರ್ ಅಂದ್ರ ಕಬ್ಬಿಣದ ಫಾಸ್ಫೇಟ್. ಮೊದಲಿನ ಮೂರು ತುಂಬಿದಾಗ 4.2 ವೋಲ್ಟ್, ಸಾದಾ 3.6 ಇಲ್ಲಾ 3.7. ಕಡಿದು ಐಎಫ್‌ಆರ್ ಸಾದಾ 3.2, ತುಂಬಿದ್ರ 3.65 ಅಷ್ಟೇ. ಐಎಫ್‌ಆರ್‌ನ ಉಳಿದವುಗಳ ಜೋಡಿ ಹಾಕಿ 4.2ರ ಚಾರ್ಜರಿಗೆ ಹಚ್ಚಿದ್ರ ಅದಕ್ಕ ಹೊಟ್ಟಿ ಬಿರಿಯೋ ಅಷ್ಟು ಉಣಿಸಿದಂಗ.

ಈಗ ಮುಖ್ಯ ಮಾತಿಗೆ ಬರ್ತೀನಿ. ಸೀರೀಸ್‌ನಾಗ, ಅಂದ್ರ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ತಾಗೋ ಹಂಗ ಸಾಲಾಗಿ ಕೂಡಿಸಿದ್ರ, ವೋಲ್ಟ್ ಕೂಡ್ತಾವ, ಮೂರು ಸೆಲ್ಲಿಗೂ ಒಂದೇ ಕರೆಂಟ್ ಹರೀತದ, ಇದು ಎಲ್ಲಾರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರ ಟಾರ್ಚಿನ ಒಳಗಿನ ಸರ್ಕ್ಯೂಟಿಗೆ ಒಂದೊಂದೇ ಸೆಲ್ ಕಾಣಂಗಿಲ್ಲ, ಅದಕ್ಕ ಮೂರರ ಮೊತ್ತ ಮಾತ್ರ ಕಾಣ್ತದ. ಕಾಕಾನ ಟಾರ್ಚಿನ ಲೆಕ್ಕಾನೇ ಹಾಕಿ ನೋಡೋಣ. ನೀಲಿ ಎರಡೂ 2600 ಎಂಎಎಚ್ (ಮಿಲಿಆಂಪ್-ತಾಸು, ಸೆಲ್ಲಿನಾಗ ಎಷ್ಟು ಚಾರ್ಜ್ ಹಿಡೀತದ ಅನ್ನೋ ಅಳತಿ), ಹಸಿರು ಹಳೇದಾಗಿ 1500ಕ್ಕ ಇಳಿದಿತ್ತು ಅಂತ ಇಟ್ಕೊಳ್ರಿ, ಟಾರ್ಚ್ ಎಳೆಯೋದು 2 ಆಂಪ್, ಅಂದ್ರ 2000 ಮಿಲಿಆಂಪ್. 1500ನ್ನ 2000ದಿಂದ ಭಾಗಿಸಿದ್ರ 0.75 ತಾಸು, ಅಂದ್ರ 45 ನಿಮಿಷಕ್ಕ ಹಸಿರು ಖಾಲಿ. ಆವಾಗ ನೀಲಿ ಒಂದೊಂದ್ರಾಗ ಇನ್ನೂ 1100 ಉಳಿದದ. ಸರ್ಕ್ಯೂಟ್ 9 ವೋಲ್ಟಿಗೆ ಬಂದ್ ಆಗೋದು ಇದ್ರ, ಅಂದ್ರ ಸೆಲ್ಲಿಗೆ 3ರ ಲೆಕ್ಕ, ನೀಲಿ ಎರಡೂ 3.5 ಇದ್ರ ಮೊತ್ತ 7, ಹಸಿರು 2 ವೋಲ್ಟಿಗೆ ಬಿದ್ರೂ ಒಟ್ಟು 9 ಆಗೇ ಆಗ್ತದ, ಎಲ್ಲಾ ಬರೋಬರ್ ಅದ ಅಂತ ಸರ್ಕ್ಯೂಟ್ ತಿಳ್ಕೊಂತದ. ಅಗ್ಗದ ಟಾರ್ಚಿನಾಗ ಬಂದ್ ಆಗೋ ಸರ್ಕ್ಯೂಟೇ ಇರಂಗಿಲ್ಲ, ಅದ್ರಾಗ ಹಸಿರು ಸೊನ್ನಿ ದಾಟಿ ಉಲ್ಟಾ ಆಗೋ ಮಟ ನೀಲಿ ಎರಡೂ ಅದನ್ನ ದಬ್ಬತಾವ.

ಉಲ್ಟಾ ಆಗೋ ಮೊದಲೇ ಒಳಗ ಕೆಟ್ಟದ್ದು ನಡೀತದ. ಈ ಸೆಲ್ಲಿನಾಗ ಮೈನಸ್ ಕಡೆ ತಾಮ್ರದ ತೆಳು ಹಾಳಿ ಇರ್ತದ. ವೋಲ್ಟ್ ಭಾಳ ಇಳಿದ್ರ ಆ ತಾಮ್ರ ಕರಗಿ ಒಳಗಿನ ದ್ರವಕ್ಕ ಸೇರ್ತದ, ಮತ್ತ ಚಾರ್ಜ್ ಹಚ್ಚಿದಾಗ ಎಲ್ಲೆಲ್ಲೋ ಕೂಡ್ತದ, ಸಣ್ಣ ಮುಳ್ಳಿನಂಗ ಬೆಳೆದು ನಡುವಿನ ಪರದಾ ಚುಚ್ಚಿದ್ರ ಒಳಗಿಂದೊಳಗೇ ಶಾರ್ಟ್. ಹೊರಗಿಂದ ಏನೂ ಕಾಣಂಗಿಲ್ಲ ನೋಡ್ರಿ, ಸೆಲ್ ನುಣ್ಣಗೆ ಹೊಸದರಂಗೇ ಇರ್ತದ. ಅದಕ್ಕ ಒಂದು ಸಲ 2 ವೋಲ್ಟಿನ ಕೆಳಗ ಹೋಗಿ ಬಂದ ಸೆಲ್ ಮತ್ತ ಚಾರ್ಜ್ ಹಿಡೀತು ಅಂತ ಖುಷಿ ಪಡಬ್ಯಾಡ್ರಿ, ನಾನಂತೂ ಬಳಸಂಗಿಲ್ಲ.

ಚಾರ್ಜ್ ಆಗುವಾಗ ಇದೇ ಆಟ ತಿರುವು ಮುರುವು. ಮೂರು ಸೆಲ್ ಸೀರೀಸ್‌ಗೆ ಚಾರ್ಜರ್ 12.6 ವೋಲ್ಟ್ ಆಗೋ ತನಕ ಕೊಡ್ತದ. ಸಣ್ಣ ಗಡಿಗಿ ಮೊದಲು ತುಂಬ್ತದ ಅಲ್ಲ, ಹಂಗ ಹಸಿರು ಮೊದಲು ತುಂಬಿ 4.4ಕ್ಕ ಏರ್ತದ, ನೀಲಿ ಎರಡೂ 4.1, ಮೊತ್ತ ಅದೇ 12.6. ಚಾರ್ಜರಿನ ಹಸಿರು ಲೈಟ್ ಹತ್ತಿತು, ಎಲ್ಲಾ ಚಲೋ. ಆದ್ರ ಒಂದು ಸೆಲ್ 4.4ರಾಗ ಕುಂತದ, ಒಳಗ ಲಿಥಿಯಂ ಲೋಹ ಆಗಿ ಕೂಡಾಕತ್ತದ, ಪ್ಲಸ್ ಕಡೆ ಮಾಲು ಆಕ್ಸಿಜನ್ ಬಿಡೋ ಹಂತಕ್ಕ ಬರಾಕತ್ತದ. ಬೆಂಕಿಗೆ ಬೇಕಾದ ಉರಿಯೋ ದ್ರವ, ಕಾವು, ಗಾಳಿ ಮೂರೂ ಒಂದೇ ಡಬ್ಬಿ ಒಳಗ. ಎಲ್ಲಾ ಸೆಲ್ ಸಮ ಇಡೋ, ಅಂದ್ರ ಬ್ಯಾಲನ್ಸ್ ಮಾಡೋ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಇದ್ರ ಅದು ಒಂದೊಂದು ಸೆಲ್ ನೋಡ್ತದ, ಕಡಿಮಿ ಬೆಲೀ ಟಾರ್ಚಿನಾಗ ಅದು ಇರಂಗಿಲ್ಲ.

ಕಾಕಾಗ ಈ ಲೆಕ್ಕ ಹೇಳಿದ್ರ ತಲಿಗೆ ಹತ್ತಲಿಲ್ಲ. ಆಮ್ಯಾಲ ಅಂದೆ, ಕಾಕಾ, ಒಂದು ನೊಗಕ್ಕ ಗಟ್ಟಿ ಎತ್ತು ಒಂದು ಕಡೆ, ಮುದಿ ಎತ್ತು ಒಂದು ಕಡೆ ಕಟ್ಟಿ ರಂಟಿ ಹೊಡೀತೀರೇನು? ಮುದೇದು ಕುಸೀತದಲ್ಲ ಅಂದ್ರು. ಕುಸಿದ ಮ್ಯಾಲೂ ಇನ್ನೊಂದು ಎಳಕೊಂಡೇ ಹೊಂಟ್ರ? ಸ್ವಲ್ಪ ಹೊತ್ತು ಸುಮ್ಮನಾದ್ರು, ಆಮ್ಯಾಲ ಟಾರ್ಚ್ ಬಂದ್ ಮಾಡಿ ಬದಿಗಿಟ್ರು. ಸಂತ್ಯಾಗ ಎತ್ತು ತೊಗೊಳ್ಳುವಾಗ ವಯಸ್ಸು, ಹಲ್ಲು, ಎತ್ತರ ನೋಡಿ ಜೋಡಿ ಕೂಡಿಸ್ತೀವಿ, ಸೆಲ್ಲಿಂದೂ ಹಂಗೇ.

ಜೋಡಿ ಅಂದ್ರ ಏನು ಅಂತ ಹೇಳ್ತೀನಿ. ಒಂದೇ ಕಂಪನಿ ಸಾಕಾಗಂಗಿಲ್ಲ, ಒಂದೇ ಮಾಡೆಲ್ ಬೇಕು. ಒಂದೇ ಕಂಪನಿ 2600 ಎಂಎಎಚ್‌ದು ಕಡಿಮಿ ಕರೆಂಟಿಂದೂ ಮಾಡ್ತದ, 2500 ಎಂಎಎಚ್‌ದು 20 ಆಂಪ್ ಎಳೆಯೋದೂ ಮಾಡ್ತದ, ಅವೆರಡರ ಒಳಗಿನ ರೆಸಿಸ್ಟೆನ್ಸ್ (ಕರೆಂಟಿಗೆ ಸೆಲ್ ತಾನೇ ಒಡ್ಡೋ ತಡೆ) ಬೇರೆ ಬೇರೆ. ಒಂದೇ ದಿನ ಕೊಂಡಿದ್ದು, ಒಟ್ಟಿಗೆ ಬಳಸಿದ್ದು, ಒಟ್ಟಿಗೆ ಚಾರ್ಜ್ ಮಾಡಿದ್ದು ಇರ್ಬೇಕು. ಮೂರರಾಗ ಒಂದು ಕೆಟ್ರ ಮೂರೂ ಬದಲಿ ಮಾಡೋದು, ಇದು ಮಂದಿಗೆ ಜೀವಕ್ಕ ಬಂದಂಗ ಆಗ್ತದ, ಎರಡು ಚಲೋ ಇದ್ದಾವಲ್ಲ ಅಂತಾರ. ಚಲೋ ಇದ್ರ ಒಂದೇ ಸೆಲ್ಲಿನ ಸಣ್ಣ ಟಾರ್ಚಿಗೆ ಹಾಕ್ರಿ, ವ್ಯರ್ಥ ಆಗಂಗಿಲ್ಲ. ಈ ಜೋಡಿ ನಿಯಮ ಹೊರದೇಶದಾಗ ಎರಡು ಬ್ಯಾಟರಿಯ ವೇಪ್ (ಇ-ಸಿಗರೇಟ್) ಸೇದೋರು ಭಾಳ ಪಾಲಿಸ್ತಾರ, ಯಾಕಂದ್ರ ಅವರ ಯಂತ್ರ ಮುಖದ ಹತ್ರ ಇರ್ತದ, ಕರೆಂಟೂ ಜಾಸ್ತಿ ಎಳೀತದ. ನಮ್ಮಲ್ಲಿ ಇ-ಸಿಗರೇಟ್ ತಯಾರು ಮಾಡೋದು ಮಾರೋದು 2019ರ ಕಾಯ್ದೆ ಬಂದ್ ಮಾಡ್ಯಾದ, ಅದು ಇರಲಿ, ಸೆಲ್ ಮಾತ್ರ ಅದೇ ಸೆಲ್.

ಪ್ಯಾರಲಲ್ ಕೂಡಿಸೋದು, ಅಂದ್ರ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಹಚ್ಚೋದು, ಸಸಾರ ಅಂತ ಅನಸ್ತದ, ಅಲ್ಲೇ ಕೈ ಸುಟ್ಕೊಳ್ಳೋದು. ಒಂದು ಸೆಲ್ 4.15, ಇನ್ನೊಂದು 3.45 ಇದ್ದಾಗ ಎರಡೂ ಕೂಡಿಸಿದ್ರಿ ಅಂದ್ರ ವ್ಯತ್ಯಾಸ 0.7 ವೋಲ್ಟ್, ಎರಡರ ಒಳಗಿನ ರೆಸಿಸ್ಟೆನ್ಸ್ ಸೇರಿ 0.1 ಓಮ್ ಅಂತ ಹಿಡಿದ್ರ ಕೂಡಿಸಿದ ಕ್ಷಣಕ್ಕ 7 ಆಂಪ್ ತುಂಬಿದ್ದರಿಂದ ಖಾಲಿದಕ್ಕ ನುಗ್ತದ, ಸ್ವಿಚ್ ಒತ್ತಿಲ್ಲ ಏನಿಲ್ಲ. ಅದಕ್ಕ ಪ್ಯಾರಲಲ್ ಹಾಕೋ ಮೊದಲು ಎರಡೂ ಬೇರೆ ಬೇರೆ ಫುಲ್ ಚಾರ್ಜ್ ಮಾಡಿ, ಮೀಟರಿನಾಗ ವ್ಯತ್ಯಾಸ 0.05 ಒಳಗ ಬಂದ ಮ್ಯಾಲೇ ಹಾಕ್ರಿ. ಇನ್ನು ಪ್ಯಾರಲಲ್‌ನಾಗ ಒಂದು ಉಲ್ಟಾ ಹಾಕಿದ್ರ 8 ವೋಲ್ಟಿನ ಮ್ಯಾಲ ಅದೇ 0.1 ಓಮ್, 80 ಆಂಪಿನ ಲೆಕ್ಕ, ಕಣ್ಣು ಮುಚ್ಚಿ ತೆಗೆಯೋದ್ರಾಗ ಸೆಲ್ ಕೆಂಡ. ಮೂರು ಸೆಲ್ಲಿನ ಸೀರೀಸ್‌ನಾಗ ಒಂದು ಉಲ್ಟಾ ಹೋದ್ರೂ ಸುಮ್ಮನಿರಂಗಿಲ್ಲ, ಉಳಿದ ಎರಡು ಸೇರಿ ಆ ಉಲ್ಟಾ ಸೆಲ್ಲನ್ನ ಚಾರ್ಜ್ ಮಾಡ್ತಾವ, ಅದು ಮೊದಲೇ ಫುಲ್ ಇದ್ರ 4.2 ದಾಟಿ ಹೋಗ್ತದ. ಸೆಲ್ ಹಾಕೋ ಕೆಲಸ ಕತ್ತಲದಾಗ ಅವಸರದಾಗ ಬ್ಯಾಡ್ರಿ.

ಜೋಡಿ ಆರಿಸೋ ಪದ್ಧತಿ ನಾನು ಮಾಡೋದು ಹಿಂಗ. ಒಂದೊಂದು ಖಾನಿಗೂ ಬೇರೆ ಸರ್ಕ್ಯೂಟ್ ಇರೋ ಚಾರ್ಜರಿನಾಗ ಎಲ್ಲಾ ಸೆಲ್ 4.20ಕ್ಕ ತರೋದು, ಒಂದು ತಾಸು ಬಿಟ್ಟು ವೋಲ್ಟ್ ಬರ್ಕೊಳ್ಳೋದು, ಆಮ್ಯಾಲ ವಾರದ ತನಕ ಮುಟ್ಟದೇ ತಂಪು ಜಾಗಾದಾಗ ಇಡೋದು. ವಾರದ ಮ್ಯಾಲ ಎಲ್ಲಾ 4.18 ಇದ್ದು ಒಂದೇ 4.05ಕ್ಕ ಇಳಿದಿದ್ರ ಅದು ಒಳಗೊಳಗೇ ಸೋರ್ತದ, ತೆಗೆದು ಹಾಕ್ರಿ, ಉಳಿದ ಪರೀಕ್ಷೆ ಅದಕ್ಕ ಬ್ಯಾಡ. ಉಳಿದವನ್ನ ಕೆಪಾಸಿಟಿ ಟೆಸ್ಟರಿಗೆ ಹಾಕಿ ಎಂಎಎಚ್ ನೋಡೋದು, ನಾನು ಒಂದು ಗುಂಪಿನಾಗ 50ಕ್ಕಿಂತ ಜಾಸ್ತಿ ವ್ಯತ್ಯಾಸ ಬಿಡಂಗಿಲ್ಲ. ಒಳಗಿನ ರೆಸಿಸ್ಟೆನ್ಸ್ ನೋಡೋ ಮೀಟರ್ ಇಲ್ಲಂದ್ರೂ ನಡೀತದ: ಲೋಡ್ ಇಲ್ಲದಾಗ 4.15 ಬಂತು, 2 ಆಂಪ್ ಲೋಡ್ ಕೊಟ್ಟಾಗ 4.03 ಬಂತು, ಇಳಿದಿದ್ದು 0.12, ಅದನ್ನ 2ರಿಂದ ಭಾಗಿಸಿದ್ರ 0.06 ಓಮ್, ಅಂದ್ರ 60 ಮಿಲಿ ಓಮ್. ಪರೀಕ್ಷೆಯಾಗ ಈ ಲೆಕ್ಕ ಕೇಳಿದ್ರ ಇಷ್ಟೇ ಬರೀರಿ. ಕಡಿಗೆ ಪರ್ಮನೆಂಟ್ ಮಾರ್ಕರ್ ತೊಗೊಂಡು ಹೊದಿಕಿ ಮ್ಯಾಲ ಗುಂಪಿನ ಅಕ್ಷರ, ನಂಬರ್, ತಾರೀಖು ಬರೆಯೋದು. ಮನುಷ್ಯನ ನೆನಪಿನ ಮ್ಯಾಲ ಬಿಟ್ರ ಆರು ತಿಂಗಳಿಗೆ ಗುಂಪು ಕಲಸಿ ಹೋಗ್ತದ.

ಕೊಳ್ಳುವಾಗ ಒಂದು ಮಾತು. ಸಂತ್ಯಾಗ, ಅಂಗಡಿಯಾಗ 9900 ಎಂಎಎಚ್ ಅಂತ ಬರೆದ 18650 ಸಿಗ್ತಾವ, ಅದು ಸುಳ್ಳು. ಈ ಸೈಜಿನಾಗ ಸಾಮಾನ್ಯವಾಗಿ ಸಿಗೋ ಖರೇ ಸೆಲ್ 3600ರ ಆಸುಪಾಸು ಮುಟ್ಟಿದ್ರ ಅದೇ ಹೆಚ್ಚು. ಅಡುಗಿಮನಿ ತಕ್ಕಡಿ ಮ್ಯಾಲ ಇಡ್ರಿ, ಚಲೋ ಸೆಲ್ 45 ಗ್ರಾಂ ಹತ್ರ ಬರ್ತದ, 30 ಬಂದ್ರ ಒಳಗ ಟೊಳ್ಳು. ಲ್ಯಾಪ್‌ಟಾಪ್‌ದು ಬಿಚ್ಚಿದ ಸೆಲ್ ಎಲ್ಲಾ ಕೆಟ್ಟವೇ ಅಂತ ನಾನು ಅನ್ನಂಗಿಲ್ಲ, ಆದ್ರ ಅವು ಎಷ್ಟು ವರ್ಷ, ಎಷ್ಟು ಕಾವಿನಾಗ ಇದ್ವು ಅಂತ ಯಾರಿಗೂ ಗೊತ್ತಿಲ್ಲ, ಕಲಿಯೋ ಹಂತದಾಗ ಅವನ್ನ ಸೀರೀಸಿಗೆ ಹಾಕಬ್ಯಾಡ್ರಿ ಅಂತ ಕೈ ಮುಗಿದು ಹೇಳ್ತೀನಿ.

ಹೊದಿಕಿ ಹರಿದ ಸೆಲ್ ಬಗ್ಗೆ ಭಾಳ ಮಂದಿಗೆ ಗೊತ್ತಿಲ್ಲ. ಸೆಲ್ಲಿನ ಪೂರ್ತಿ ಡಬ್ಬಿನೇ ಮೈನಸ್, ಪ್ಲಸ್ ಅನ್ನೋದು ಮ್ಯಾಲಿನ ಸಣ್ಣ ಗುಂಡಿ ಅಷ್ಟೇ, ಅವೆರಡರ ನಡುವ ಒಂದು ತೆಳು ಕಾಗದದ ಬಳಿ. ಹೊದಿಕಿ ಅಲ್ಲೇ ಹರಿದ್ರ ಟಾರ್ಚಿನ ಲೋಹದ ಗೋಡಿ ತಗಲಿ ಶಾರ್ಟ್ ಆಗ್ತದ. ಕಿಸೆದಾಗ ಕೀಲಿ, ಚಿಲ್ಲರಿ ಜೋಡಿ ಸೆಲ್ ಒಯ್ಯೋದೂ ಅಷ್ಟೇ ಕೆಟ್ಟದ್ದು, ಪ್ಲಾಸ್ಟಿಕ್ ಡಬ್ಬಿ ಹತ್ತು ಇಪ್ಪತ್ತು ರೂಪಾಯಿಗೆ ಸಿಗ್ತದ.

ನಮ್ಮ ಬಿಸಿಲಿನ ಮಾತು ಬೇರೆನೇ ಅದ. ಈ ಸೆಲ್ಲುಗಳಿಗೆ ಚಾರ್ಜ್ ಮಾಡೋ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಮೇ ತಿಂಗಳಾಗ ಕಲಬುರಗಿಯಾಗ ನೆರಳಿನಾಗೇ 42-43ರ ಮಟ ಏರ್ತದ, ತಗಡಿನ ಶೆಡ್ಡಿನಾಗ ಕೇಳೋದೇ ಬ್ಯಾಡ, ಚಾರ್ಜ್ ಆಗುವಾಗ ಸೆಲ್ ತಾನೂ ಸ್ವಲ್ಪ ಕಾಯ್ತದ. ಬೇಸಿಗಿಯಾಗ ಮಧ್ಯಾಹ್ನ ಚಾರ್ಜಿಗೆ ಹಚ್ಚಬ್ಯಾಡ್ರಿ, ನಸುಕಿನಾಗ ಹಚ್ಚಿ ಎದ್ದು ಓಡಾಡುವಾಗ ಕಣ್ಣಿಗೆ ಕಾಣೋ ಹಂಗ ಇಡ್ರಿ, ಹಾಸಿಗಿ ಮ್ಯಾಲ, ತೊಗರಿ ಚೀಲದ ಮ್ಯಾಲ ಬ್ಯಾಡ, ಶಹಾಬಾದ್ ಕಲ್ಲಿನ ನೆಲದ ಮ್ಯಾಲ ಇಡ್ರಿ. ತಿಂಗಳುಗಟ್ಟಲೆ ಬಳಸಂಗಿಲ್ಲ ಅಂದ್ರ ಫುಲ್ ಚಾರ್ಜಿನಾಗ ಇಡಬಾರ್ದು, 3.7-3.8ರಾಗ ಇಡ್ರಿ.

ಸುಸ್ ಅಂತ ಸಪ್ಪಳ, ಸಿಹಿ ವಾಸನಿ, ಕೈ ಇಡಲಾರದಷ್ಟು ಕಾವು, ಇದ್ರಾಗ ಒಂದು ಬಂದ್ರೂ ಮುಟ್ಟದೇ ದೂರ ಸರೀರಿ, ಗೋಡಿ ಕಡೆ ಸ್ವಿಚ್ ಬಂದ್ ಮಾಡಲಿಕ್ಕೆ ಆದ್ರ ಮಾಡ್ರಿ, ಮಕ್ಕಳನ್ನ ಹೊರಗ ಕಳಸ್ರಿ. ಆ ಹೊಗಿಯಾಗ ಹೈಡ್ರೋಜನ್ ಫ್ಲೋರೈಡ್ ಇರ್ತದ, ಪುಪ್ಪುಸಕ್ಕ ವಿಷ. ಲಿಥಿಯಂ ಅಂದ ಕೂಡ್ಲೇ ನೀರು ಹಾಕಬಾರ್ದು ಅಂತಾರ, ಆದ್ರ ಈ ಸೆಲ್ಲಿನಾಗ ಇರೋದು ಲಿಥಿಯಂ ಲೋಹದ ಗಟ್ಟಿ ಅಲ್ಲ, ಸಣ್ಣ ಪ್ಯಾಕಿಗೆ ಕರೆಂಟ್ ಬಂದ್ ಆದ ಮ್ಯಾಲ ದೂರದಿಂದ ಭಾಳಷ್ಟು ನೀರು ಹೊಡೆದ್ರ ಬಾಜೂ ಸೆಲ್ ತಂಪಾಗಿ ಬೆಂಕಿ ಹಬ್ಬೋದು ತಪ್ತದ. ಬೆಂಕಿ ದೊಡ್ಡದಿದ್ರ ಹೊರಗ ಬಂದು 112ಕ್ಕ ಫೋನ್ ಮಾಡ್ರಿ.

ಕಾಕಾನ ಹಸಿರು ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ ಡಬ್ಬಿಯಾಗ ಹಾಕಿಟ್ಟೆ, ಹಳೇ ಬ್ಯಾಟರಿ ವಾಪಸ್ ತೊಗೊಳ್ಳೋ ಕಡೆ ಕೊಡಬೇಕು, ಕಸದ ಗಾಡಿಗೆ ಹಾಕಬಾರ್ದು. ನೀಲಿ ಎರಡು ಈಗ ಕಾಕುನ ಸಣ್ಣ ಟಾರ್ಚಿಗೆ ಒಂದೊಂದೇ ಬಳಕೆ ಆಗ್ತಾವ. ದೊಡ್ಡದಕ್ಕ ಒಂದೇ ಮಾಡೆಲ್ಲಿನ ಮೂರು ಹೊಸವು ತಂದು ಕ1, ಕ2, ಕ3 ಅಂತ ಬರೆದೀವಿ, ಟಾರ್ಚಿನಾಗ ಚಾರ್ಜ್ ಬಂದ್, ತೆಗೆದು ಬೇರೆ ಚಾರ್ಜರಿನಾಗ. ಅಮಾವಾಸ್ಯಿ ದಿನ ಎತ್ತು ಹೂಡಂಗಿಲ್ಲ, ಕಾಕಾ ಮನ್ಯಾಗೇ ಇರ್ತಾರ, ಆವತ್ತು ಬಳಸಿ ತಂದ ಸೆಲ್ ತೆಗೆದು ತಾವೇ ಮೀಟರ್ ಹಚ್ಚಿ ನನಗ ಫೋನಿನಾಗ ಹೇಳ್ತಾರ. ಹೋದ ಅಮಾವಾಸ್ಯಿಗೆ 3.94, 3.93, 3.94 ಇತ್ತು. ಈ ಸಲ 3.91, 3.90, 3.84. ಕ3 ಸ್ವಲ್ಪ ಹಿಂದ ಬೀಳಾಕತ್ತದ, ಮೂರೂ ಫುಲ್ ಮಾಡಿ ವಾರ ಇಟ್ಟು ನೋಡೋಣ ಅಂದೀನಿ, ಅಲ್ಲೀ ಮಟ ಕಾಕಾ ಸಣ್ಣ ಟಾರ್ಚ್ ತೊಗೊಂಡು ಹೊಲಕ್ಕ ಹೋಗಾಕತ್ತಾರ.