ಬ್ರಿಟಿಷ್ ಬೋಗಿಗಳ ಸಂಖ್ಯೆಗೆ ಮುಂದೊಂದು ಅಕ್ಷರ, ಹಿಂದೊಂದು ಅಕ್ಷರ

1948ರ ಜನವರಿ 1ರಂದು ಬ್ರಿಟನ್ನಿನ ನಾಲ್ಕು ದೊಡ್ಡ ರೈಲು ಕಂಪನಿಗಳು ಸರ್ಕಾರದ ಒಡೆತನಕ್ಕೆ ಬಂದು ಬ್ರಿಟಿಷ್ ರೈಲ್ವೇಸ್ ಎಂಬ ಒಂದೇ ಸಂಸ್ಥೆಯಾದವು. ಹೊಸ ಸಂಸ್ಥೆಯ ಪಾಲಿಗೆ ಸಾವಿರಾರು ಪ್ರಯಾಣಿಕ ಬೋಗಿಗಳ ಜೊತೆಗೆ, ಒಂದಕ್ಕೊಂದು ಹೊಂದದ ನಾಲ್ಕು ಸಂಖ್ಯಾಪದ್ಧತಿಗಳೂ ಬಂದವು. ಪ್ರತಿ ಕಂಪನಿಯೂ ತನ್ನ ಬೋಗಿಗಳಿಗೆ ತನ್ನದೇ ಲೆಕ್ಕದಲ್ಲಿ ಸಂಖ್ಯೆ ಕೊಟ್ಟುಕೊಂಡು ಬಂದಿದ್ದರಿಂದ, ಒಂದೇ ಸಂಖ್ಯೆ ಹೊತ್ತ ಬೇರೆ ಬೇರೆ ಬೋಗಿಗಳು ಈಗ ಒಂದೇ ಒಡೆಯನ ದಾಖಲೆ ಪುಸ್ತಕದಲ್ಲಿ ಎದುರಾಗತೊಡಗಿದವು. ಈ ತೊಡಕನ್ನು ಬಿಡಿಸಲು ಅಲ್ಲಿನವರು ಅನುಸರಿಸಿದ ದಾರಿ ಆಡಳಿತದ ಸಣ್ಣ ವಿವರದಂತೆ ಕಂಡರೂ, ಒಂದು ಬೋಗಿಯ ಇತಿಹಾಸವನ್ನು ಇಂದಿಗೂ ಅದರ ಪಕ್ಕೆಯ ಮೇಲೆಯೇ ಓದಲು ಸಾಧ್ಯವಾಗಿರುವುದು ಆ ದಾರಿಯಿಂದಲೇ.

ತೊಡಕಿನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1921ರ ರೈಲ್ವೆ ಕಾಯ್ದೆಯ ಪ್ರಕಾರ, ನೂರಕ್ಕೂ ಹೆಚ್ಚು ಕಂಪನಿಗಳನ್ನು 1923ರ ಆರಂಭದಲ್ಲಿ ನಾಲ್ಕು ಗುಂಪುಗಳಾಗಿ ಸೇರಿಸಿದಾಗಲೇ ಇದೇ ಪ್ರಶ್ನೆ ಎದ್ದಿತ್ತು: ಬೋಗಿಯ ಸಂಖ್ಯೆ ಅದು ಯಾವ ಬಗೆಯದು ಎಂಬುದನ್ನು ಹೇಳಬೇಕೋ, ಅದು ಎಲ್ಲಿಗೆ ಸೇರಿದ್ದು ಎಂಬುದನ್ನೋ? ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ, ಅಂದರೆ ಎಲ್‌ಎನ್‌ಇಆರ್, 1920ರ ದಶಕದಲ್ಲಿ ಎರಡನೆಯದನ್ನು ಆರಿಸಿಕೊಂಡು, ಐದಂಕಿಯ ಸಂಖ್ಯೆಯ ಮೊದಲ ಅಂಕಿಯನ್ನು ಪ್ರದೇಶಕ್ಕೆ ಮೀಸಲಿಟ್ಟಿತು. 4ರಿಂದ ಶುರುವಾದರೆ, ಅದರಲ್ಲಿ ಸೇರಿಹೋದ ಗ್ರೇಟ್ ನಾರ್ದರ್ನ್ ಕಂಪನಿಯ ಹಳೆಯ ಪ್ರದೇಶ, 5 ಎಂದರೆ ಗ್ರೇಟ್ ಸೆಂಟ್ರಲ್, 6 ಎಂದರೆ ಗ್ರೇಟ್ ಈಸ್ಟರ್ನ್. ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆ, ಅಂದರೆ ಎಲ್‌ಎಂಎಸ್, 1930ರ ದಶಕದ ಆರಂಭದಲ್ಲಿ ತನ್ನ ಬೋಗಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟು ಬಗೆಯ ಪ್ರಕಾರ ವಿಂಗಡಿಸಿತು. ನಾಲ್ಕರಲ್ಲಿ ಮತ್ತೊಂದಾದ ಗ್ರೇಟ್ ವೆಸ್ಟರ್ನ್ ಅದಕ್ಕೂ ಮೊದಲಿನಿಂದಲೇ ಹಾಗೆ ಮಾಡುತ್ತಿತ್ತು. ಕೊನೆಗೆ 1943ರಲ್ಲಿ ಎಲ್‌ಎನ್‌ಇಆರ್ ಕೂಡ ಪ್ರದೇಶದ ಅಂಕಿಯನ್ನು ಕೈಬಿಟ್ಟು, ಬಗೆಯನ್ನು ಆಧರಿಸಿದ ಯೋಜನೆಗೆ ಬಂತು. ಬೋಗಿ ಇಂದು ಇಲ್ಲಿ, ನಾಳೆ ಅಲ್ಲಿ ಓಡುವ ವಸ್ತುವಾದ್ದರಿಂದ, ಊರನ್ನು ಸಂಖ್ಯೆಯೊಳಗೆ ಹುದುಗಿಸಿದರೆ ಸಂಖ್ಯೆ ಬಹಳ ಕಾಲ ನಿಜ ಹೇಳುವುದಿಲ್ಲ.

ರಾಷ್ಟ್ರೀಕರಣದ ನಂತರ ಬ್ರಿಟಿಷ್ ರೈಲ್ವೇಸನ್ನು ಆರು ವಲಯಗಳಾಗಿ ವಿಂಗಡಿಸಲಾಯಿತು: ಈಸ್ಟರ್ನ್, ನಾರ್ತ್ ಈಸ್ಟರ್ನ್, ಲಂಡನ್ ಮಿಡ್‌ಲ್ಯಾಂಡ್, ಸ್ಕಾಟಿಷ್, ಸದರ್ನ್ ಮತ್ತು ವೆಸ್ಟರ್ನ್. ಹಳೆಯ ಸಂಖ್ಯೆಗಳನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಎಣಿಸುವ ಭಾರಿ ಕೆಲಸಕ್ಕೆ ಕೈಹಾಕದೆ, ಸಂಖ್ಯೆಯ ಮುಂದೆ, ಅಂದರೆ ಮೊದಲ ಅಂಕಿಗೂ ಮೊದಲು, ಒಂದು ಅಕ್ಷರ ಬರೆಸಿದರು. ಗ್ರೇಟ್ ವೆಸ್ಟರ್ನ್‌ನಿಂದ ಬಂದದ್ದಕ್ಕೆ ಡಬ್ಲ್ಯು, ಎಲ್‌ಎಂಎಸ್‌ನಿಂದ ಬಂದದ್ದಕ್ಕೆ ಎಂ, ಸದರ್ನ್‌ನಿಂದ ಬಂದದ್ದಕ್ಕೆ ಎಸ್, ಎಲ್‌ಎನ್‌ಇಆರ್‌ನಿಂದ ಬಂದದ್ದಕ್ಕೆ ಇ. ಬೋಗಿಗಳು ತಂತಮ್ಮ ನೆಲೆಯಲ್ಲೇ ಓಡುತ್ತಿದ್ದಷ್ಟು ಕಾಲ ಇದು ಸಾಕಾಗಿತ್ತು. ಆದರೆ ಸ್ಕಾಟ್ಲೆಂಡಿನಲ್ಲಿ ಮೊದಲಿನಿಂದಲೂ ಎರಡು ಕಂಪನಿಗಳ ಬೋಗಿಗಳಿದ್ದವು, ವಲಯದಿಂದ ವಲಯಕ್ಕೆ ವರ್ಗಾವಣೆಯೂ ನಡೆಯುತ್ತಿತ್ತು. ಹೀಗಾಗಿ ಆ ಅಕ್ಷರ ಹೇಳುತ್ತಿದ್ದುದು ಬೋಗಿಯ ಮೂಲವನ್ನೋ ಸದ್ಯದ ವಾಸವನ್ನೋ ಎಂಬುದು ತಿಳಿಯದಂತಾಯಿತು.

1951ರಲ್ಲಿ ಮಾರ್ಕ್ 1 ಎಂಬ ಹೊಸ ಮಾದರಿಯ ಬೋಗಿಗಳು ಕಾರ್ಖಾನೆಗಳಿಂದ ಹೊರಬಂದಾಗ ಇದು ಇತ್ಯರ್ಥವಾಗಲೇಬೇಕಾಯಿತು. ಇಡೀ ದೇಶಕ್ಕೆ ಒಂದೇ ಎಂಬಂತೆ ರೂಪಿಸಿದ ಈ ಬೋಗಿಗಳಿಗೆ ದೇಶಕ್ಕೆಲ್ಲ ಒಂದೇ ಸಂಖ್ಯಾಮಾಲೆ ಇತ್ತು. ಊಟದ ಬೋಗಿಗಳು ಸಣ್ಣ ಸಂಖ್ಯೆಗಳಲ್ಲಿ, ವಿಭಾಗಗಳಿಲ್ಲದ ತೆರೆದ ಮೊದಲ ದರ್ಜೆಯವು 3000ದಿಂದ, ಪಡಸಾಲೆಯ ಪಕ್ಕಕ್ಕೆ ಪುಟ್ಟ ಕೋಣೆಗಳಿದ್ದ ಕೆಳದರ್ಜೆಯವು 24000ದಿಂದ, ಅದೇ ಬಗೆಯಲ್ಲಿ ಗಾರ್ಡ್ ಮತ್ತು ಸಾಮಾನಿನ ಜಾಗವಿದ್ದವು 34000ದಿಂದ. ನಮ್ಮ ನೈಋತ್ಯ ರೈಲ್ವೆಯ ಬೋಗಿಯ ಮೇಲೆ ವಲಯದ ಅಕ್ಷರಗಳ ನಂತರ ಬರುವ ಮೊದಲೆರಡು ಅಂಕಿಗಳು ಅದು ತಯಾರಾದ ವರ್ಷವನ್ನು ಸೂಚಿಸುತ್ತವೆ. ಬ್ರಿಟಿಷ್ ಸಂಖ್ಯೆಯಲ್ಲಿ ವರ್ಷಕ್ಕೆ ಜಾಗವೇ ಇರಲಿಲ್ಲ, ಬಗೆ ಮಾತ್ರ ಇತ್ತು.

ಹೊಸ ಮಾಲೆಯ ಸಂಖ್ಯೆಗಳು ಹಳೆಯವುಗಳ ಜೊತೆ ಡಿಕ್ಕಿ ಹೊಡೆಯದಂತೆ ಮಾಡಿದ ಏರ್ಪಾಡು ನನಗೆ ಈ ಇಡೀ ಕತೆಯ ಅತ್ಯಂತ ವಿವೇಕದ ಭಾಗವಾಗಿ ಕಾಣುತ್ತದೆ. ಹಳೆಯ ಕಂಪನಿಗಳ ಬೋಗಿಗಳಿಗೆ ಸಂಖ್ಯೆಯ ಹಿಂದೆ, ಅಂದರೆ ಕೊನೆಯ ಅಂಕಿಯ ನಂತರ, ಇನ್ನೊಂದು ಅಕ್ಷರ ಸೇರಿಸಿ ಅದನ್ನು ಹುಟ್ಟಿದ ಮನೆಗೆ ಮೀಸಲಿಟ್ಟರು. ಮುಂದಿನ ಅಕ್ಷರ ಅಂದಿನಿಂದ ಬೋಗಿ ಸದ್ಯ ಸೇರಿರುವ ವಲಯವನ್ನು ಮಾತ್ರ ಹೇಳತೊಡಗಿತು. ಹಿಂದಿನ ಅಕ್ಷರವೇ ಇಲ್ಲದಿದ್ದರೆ ಅದು ಬ್ರಿಟಿಷ್ ರೈಲ್ವೇಸ್ ತಾನೇ ಕಟ್ಟಿಸಿದ ಬೋಗಿ. ವರ್ಗಾವಣೆಯಾದಾಗ ಬಣ್ಣದ ಕುಂಚ ಮುಟ್ಟುತ್ತಿದ್ದುದು ಮುಂದಿನ ಅಕ್ಷರವನ್ನಷ್ಟೇ. ಸಂಖ್ಯೆಯೂ ಅದರ ಹಿಂದಿನ ಅಕ್ಷರವೂ ಇದ್ದಂತೆಯೇ ಇರುತ್ತಿದ್ದವು.

'ಎಸ್‌ಸಿ 1719 ಇ' ಎಂಬ ಬರಹವನ್ನು ತೆಗೆದುಕೊಳ್ಳಿ. 1937ರಲ್ಲಿ ಎಲ್‌ಎನ್‌ಇಆರ್ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋಗೆ ಓಡಿಸಿದ 'ಕೊರೊನೇಶನ್' ಎಂಬ ವೇಗದ ರೈಲಿನ ತುದಿಗೆ ಜೋಡಿಸಲೆಂದು ಎರಡು ವೀಕ್ಷಣಾ ಬೋಗಿಗಳನ್ನು ಕಟ್ಟಿಸಿತ್ತು, ಅವುಗಳಲ್ಲಿ ಇದೊಂದು. ಯುದ್ಧ ಶುರುವಾಗಿ ಆ ರೈಲು ನಿಂತಿತು. ಆಮೇಲೆ 1950ರ ದಶಕದಲ್ಲಿ ಈ ಬೋಗಿಗಳು ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ಮಾರ್ಗದಲ್ಲಿ ಪ್ರವಾಸಿಗರಿಗಾಗಿ ಓಡತೊಡಗಿದವು. ಎರಡು ಕಂಪನಿ ಕಾಲಗಳನ್ನು ದಾಟಿದ ಈ ಬದುಕನ್ನೆಲ್ಲ ಆ ನಾಲ್ಕು ಅಂಕಿಗಳ ಆಚೀಚಿನ ಅಕ್ಷರಗಳು ಹೇಳಿಬಿಡುತ್ತವೆ: ಸ್ಕಾಟಿಷ್ ವಲಯದ ವಾಸಿ, ಎಲ್‌ಎನ್‌ಇಆರ್‌ನಲ್ಲಿ ಹುಟ್ಟಿದ್ದು.

ವಲಯಗಳಿಗೆ ತಮ್ಮ ಗುರುತಿನ ಬಗ್ಗೆ ಇದ್ದ ಅಭಿಮಾನ ಅಕ್ಷರಕ್ಕೇ ನಿಲ್ಲಲಿಲ್ಲ. 1949ರಿಂದ ಮುಖ್ಯ ಮಾರ್ಗದ ಬೋಗಿಗಳಿಗೆಲ್ಲ ಕಡುಗೆಂಪು ಮತ್ತು ಕೆನೆಬಣ್ಣವನ್ನು ಬಳಿದಿದ್ದರು. 1956ರಲ್ಲಿ ಮರೂನ್ ಬಣ್ಣ ಬಂದಾಗ ಸದರ್ನ್ ತನ್ನ ಹಸಿರಿಗೆ ಮರಳಿತು, ವೆಸ್ಟರ್ನ್ ತನ್ನ ಹೆಸರಾಂತ ಎಕ್ಸ್‌ಪ್ರೆಸ್‌ಗಳಿಗೆ ಗ್ರೇಟ್ ವೆಸ್ಟರ್ನ್ ಕಾಲದ ಚಾಕೊಲೇಟ್ ಮತ್ತು ಕೆನೆಬಣ್ಣವನ್ನು ಹಚ್ಚಿಸಿತು. ಸದರ್ನ್‌ನಲ್ಲಂತೂ ಬೋಗಿಗಳನ್ನು ಕಾಯಂ ಗುಂಪುಗಳಾಗಿ ಓಡಿಸುವ ರೂಢಿಯಿದ್ದು, ಗುಂಪಿನ ಸಂಖ್ಯೆಯನ್ನು ಕೊನೆಯ ಬೋಗಿಗಳ ತುದಿಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರು.

ಈ ವಲಯಪ್ರಜ್ಞೆ ಕರಗಿದ್ದು ನಿಧಾನವಾಗಿ. 1965ರಲ್ಲಿ ದೇಶಕ್ಕೆಲ್ಲ ನೀಲಿ ಮತ್ತು ಬೂದುಬಣ್ಣ ಬಂತು. 1967ರಲ್ಲಿ ನಾರ್ತ್ ಈಸ್ಟರ್ನ್ ವಲಯ ಈಸ್ಟರ್ನ್‌ನಲ್ಲಿ ಲೀನವಾಯಿತು. ಅಮೆರಿಕದ ಸದರ್ನ್ ಪೆಸಿಫಿಕ್ ರೈಲ್ವೆಯಿಂದ ತಂದ 'ಟಾಪ್ಸ್' ಎಂಬ ಗಣಕ ವ್ಯವಸ್ಥೆ 1970ರ ದಶಕದಲ್ಲಿ ಜಾರಿಗೆ ಬಂದ ಮೇಲೆ ಎಂಜಿನ್ನುಗಳಿಗೆ ವರ್ಗಸಂಖ್ಯೆಯಿಂದ ಶುರುವಾಗುವ ಐದಂಕಿಯ ಸಂಖ್ಯೆಗಳು ಬಂದವು. ಎಂಜಿನ್ನುಗಳೂ ಬೋಗಿಗಳೂ ಬೇರೆ ಬೇರೆ ಪುಸ್ತಕಗಳಲ್ಲಿದ್ದಾಗ ಒಂದೇ ಸಂಖ್ಯೆ ಎರಡಕ್ಕೂ ಇದ್ದರೆ ತೊಂದರೆಯಿರಲಿಲ್ಲ, ಒಂದೇ ಗಣಕದೊಳಗೆ ಅದು ನಡೆಯುವಂತಿರಲಿಲ್ಲ. 25ನೇ ವರ್ಗದ ಡೀಸೆಲ್ ಎಂಜಿನ್ನುಗಳಿಗೆ ದಾರಿ ಬಿಡಲು 1980ರ ದಶಕದ ಆರಂಭದಲ್ಲಿ 25 ಸಾವಿರದ ಸಾಲಿನ ಬೋಗಿಗಳನ್ನು 18 ಸಾವಿರಕ್ಕೆ ಇಳಿಸಿದರು. 25756 ಹೋಗಿ 18756 ಆಯಿತು. ಅದೇ ದಶಕದಲ್ಲಿ ಆಡಳಿತವು ವಲಯಗಳ ಕೈಯಿಂದ ಇಂಟರ್‌ಸಿಟಿ, ನೆಟ್‌ವರ್ಕ್ ಸೌತ್‌ಈಸ್ಟ್‌ನಂಥ ವ್ಯಾಪಾರ ವಿಭಾಗಗಳ ಕೈಗೆ ದಾಟಿದ್ದರಿಂದ ಮುಂದಿನ ಅಕ್ಷರ ಅರ್ಥ ಕಳೆದುಕೊಂಡು, ಬೋಗಿಗಳ ಮೇಲಿಂದ ಮರೆಯಾಯಿತು.

ಇಂದು ಈ ಅಕ್ಷರಗಳು ಉಳಿದಿರುವುದು ಮುಖ್ಯವಾಗಿ ಪಾರಂಪರಿಕ ರೈಲುಗಳಲ್ಲಿ. ಅಲ್ಲಿ ಬೋಗಿಯೊಂದನ್ನು ಜೀರ್ಣೋದ್ಧಾರ ಮಾಡುವವರು ಅದಕ್ಕೆ ಯಾವ ಕಾಲದ ಬಣ್ಣ, ಯಾವ ವಲಯದ ಅಕ್ಷರ ಎಂದು ತೀರ್ಮಾನಿಸಬೇಕಾಗುತ್ತದೆ. ಲಂಡನ್ ಮಿಡ್‌ಲ್ಯಾಂಡಿನಲ್ಲಿ ದುಡಿದ ಮಾರ್ಕ್ 1 ಬೋಗಿಗೆ ಚಾಕೊಲೇಟ್ ಬಣ್ಣ ಬಳಿದು ಡಬ್ಲ್ಯು ಎಂದು ಬರೆದರೆ ನೋಡಲು ಚೆಂದವಾದೀತು, ಆದರೆ ದಾಖಲೆಯಾಗಿ ಅದು ಸುಳ್ಳು. ಬಣ್ಣ ಯಾವುದನ್ನೇ ಬಳಿಯಲಿ, ಆ ಬೋಗಿ ನಿಜವಾಗಿ ಹೊತ್ತಿದ್ದ ಅಕ್ಷರವನ್ನೇ ಬರೆಯಬೇಕು, ಹಳೆಯ ಸಂಖ್ಯೆ ಬದಲಾಗಿದ್ದರೆ ಅದನ್ನೂ ಒಳಗಿನ ಫಲಕದಲ್ಲಿ ನಮೂದಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.