ರಿಡನ್ ಮಾನ್‌ಸ್ಟರ್: ಒಂದು ಬೊಂಬೆ, ಎರಡು ಜೀವ

ಮಲ್ಲೇಶ್ವರದಲ್ಲಿ ಗೆಳೆಯನ ಮನೆಯ ಹಾಲ್‌ನಲ್ಲಿ ಭಾನುವಾರ ಊಟ ಮುಗಿದ ಮೇಲೆ ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ ಹಾಸಿ ಬೊಂಬೆಗಳ ಯುದ್ಧಕ್ಕೆ ಕೂರುವುದು ನಮ್ಮ ರೂಢಿ. ಕಳೆದ ಸಲ ಒಬ್ಬ ಹೊಸ ಹುಡುಗ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಅವನ ಬಿಲ್ಲುಗಾರರು ನನ್ನ ಡ್ರ್ಯಾಗನ್ ಕಡೆಗೆ ಬಾಣ ಬಿಟ್ಟರು, 12 ಬಾಣ ತಾಗಿದವು. ದಾಳಗಳನ್ನು ಒಟ್ಟು ಮಾಡುತ್ತಾ ಅವನು ತಲೆ ಎತ್ತಿ ಕೇಳಿದ: “ಅಣ್ಣಾ, ಇದೆಲ್ಲಾ ಡ್ರ್ಯಾಗನ್‌ಗೆ ಬಿತ್ತಾ, ಮೇಲೆ ಕೂತಿರೋನಿಗೆ ಬಿತ್ತಾ?”

‘ರಿಡನ್ ಮಾನ್‌ಸ್ಟರ್’ ಎಂಬ ಪದದ ಅರ್ಥವೆಲ್ಲ ಆ ಪ್ರಶ್ನೆಯೊಳಗೇ ಇದೆ.

ಮಿನಿಯೇಚರ್ ಬೊಂಬೆಗಳ ಯುದ್ಧದಾಟದಲ್ಲಿ ಸೇನಾಪತಿಯನ್ನೋ ಮಾಂತ್ರಿಕನನ್ನೋ ಬೆನ್ನ ಮೇಲೆ ಹೊತ್ತ ದೈತ್ಯ ಪ್ರಾಣಿಗೆ ಈ ಹೆಸರು. ಡ್ರ್ಯಾಗನ್, ಗ್ರಿಫನ್, ಮ್ಯಾಂಟಿಕೋರ್ ಇವೆಲ್ಲ ಇದೇ ಗುಂಪಿನವು. ನಾವು ಕನ್ನಡದಲ್ಲಿ ಸವಾರಿ ಮೃಗ ಅನ್ನುತ್ತೇವೆ. ಕುದುರೆಯ ಮೇಲೂ ಸವಾರಿ ಮಾಡುತ್ತಾರಲ್ಲ, ಅದಕ್ಕೇಕೆ ಈ ಹೆಸರಿಲ್ಲ ಎಂದು ಕೇಳಬಹುದು. ಆಟದ ಲೆಕ್ಕದಲ್ಲಿ ಕುದುರೆಗೆ ಸ್ವಂತ ಪ್ರಾಣವಿಲ್ಲ. ಅದು ಸವಾರನಿಗೆ ವೇಗ ಕೊಡುತ್ತದೆ, ಕವಚವನ್ನು ಒಂದು ಹಂತ ಗಟ್ಟಿ ಮಾಡುತ್ತದೆ, ಅವನು ಸತ್ತರೆ ಜೊತೆಗೇ ಹಲಗೆಯಿಂದ ಆಚೆ ಹೋಗುತ್ತದೆ. ಸವಾರಿ ಮೃಗ ಹಾಗಲ್ಲ. ಅದಕ್ಕೆ ತನ್ನದೇ ಗಾಯದ ಲೆಕ್ಕ, ತನ್ನದೇ ಏಟು, ತನ್ನದೇ ಧೈರ್ಯ. ನಮ್ಮ ಚದುರಂಗದ ಮಣೆಯ ಮೇಲೆ ಆನೆ ಇದೆ, ಮಾವುತನಿಲ್ಲ. ಸವಾರಿ ಮೃಗದ ನಿಯಮ ಮಾವುತನನ್ನೂ ಎಣಿಸುತ್ತದೆ.

ನಾವು ಆಡುವುದು ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಅದನ್ನು 1983ರಲ್ಲಿ ಹೊರತಂದಿತು. ನಮ್ಮ ಕೈಯಲ್ಲಿರುವುದು 2010ರ ಎಂಟನೇ ಆವೃತ್ತಿ. ಅದರ ಪ್ರಕಾರ ದೂರದಿಂದ ಬಂದ ಪ್ರತಿಯೊಂದು ಏಟಿಗೂ ಒಂದು ದಾಳ ಹಾಕಬೇಕು. 1ರಿಂದ 4 ಬಿದ್ದರೆ ಮೃಗಕ್ಕೆ, 5 ಅಥವಾ 6 ಬಿದ್ದರೆ ಸವಾರನಿಗೆ. ಹುಡುಗನ 12 ಬಾಣಗಳನ್ನೇ ತೆಗೆದುಕೊಳ್ಳಿ. ಸರಾಸರಿ 8 ಡ್ರ್ಯಾಗನ್‌ಗೆ, 4 ಮೇಲಿನ ಎಲ್ಫ್ ರಾಜಕುಮಾರನಿಗೆ. ಡ್ರ್ಯಾಗನ್‌ನ ಗಟ್ಟಿತನ 6, ಸಾಧಾರಣ ಬಾಣದ ಬಲ 3. ಹಾಗಾಗಿ ದಾಳದಲ್ಲಿ 6 ಬಿದ್ದರೆ ಮಾತ್ರ ಗಾಯ. ಎಂಟು ಬಾಣ ಸೇರಿ ಒಂದು ಗಾಯಕ್ಕಿಂತ ತುಸು ಹೆಚ್ಚಾಗಬಹುದು ಅಷ್ಟೆ. ಎಲ್ಫ್‌ನ ಗಟ್ಟಿತನ ಬರೀ 3. ಅವನಿಗೆ 4 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಸಾಕು. ನಾಲ್ಕು ಬಾಣಕ್ಕೆ ಎರಡು ಗಾಯ, ಕವಚ ತಡೆಯದಿದ್ದರೆ. ಅವನು ಸಾಯುವುದಕ್ಕೆ ಬೇಕಿರುವುದೇ ಮೂರು ಗಾಯ. ಅಂದರೆ ಕಡಿಮೆ ಬಾಣ ತಿನ್ನುವವನೇ ಮೊದಲು ಬೀಳುತ್ತಾನೆ! ಈ ಲೆಕ್ಕ ಹಿಡಿದ ದಿನದಿಂದ ನಾನು ಡ್ರ್ಯಾಗನ್‌ನ ಚರ್ಮ ನೋಡಿ ಹೆದರುವುದು ಬಿಟ್ಟೆ, ಜೀನಿನ ಮೇಲಿರುವವನ ಕವಚ ಏನು ಎಂದು ಮೊದಲು ಕೇಳುತ್ತೇನೆ.

ಕೈಕೈ ಮಿಲಾಯಿಸಿದಾಗ ದಾಳದ ಮೇಲೆ ಬಿಡುವುದಿಲ್ಲ. ಯಾರಿಗೆ ಹೊಡೆಯಬೇಕು, ಮೃಗಕ್ಕೋ ಸವಾರನಿಗೋ ಎಂಬುದನ್ನು ಎದುರಾಳಿಯೇ ಆರಿಸಿಕೊಳ್ಳುತ್ತಾನೆ. ಭಗದತ್ತ ಸುಪ್ರತೀಕವೆಂಬ ಆನೆ ಏರಿ ಬಂದಾಗ ಅರ್ಜುನನ ಮುಂದಿದ್ದ ಆಯ್ಕೆಯೂ ಇದೇ. ಅವನು ಮೊದಲು ಆನೆಯನ್ನು ಕೆಡವಿದ, ಆಮೇಲೆ ಭಗದತ್ತನನ್ನು. ಹಲಗೆಯ ಮೇಲೂ ಹಾಗೇ: ಮೃಗ ಮೊದಲು ಸತ್ತರೆ ಸವಾರ ನೆಲಕ್ಕಿಳಿದು ಕಾಲಾಳಾಗಿ ಹೋರಾಡುತ್ತಾನೆ. ಅದಕ್ಕೇ ನಾವು ಸವಾರನ ಬೊಂಬೆಯನ್ನು ಜೀನಿಗೆ ಅಂಟಿಸುವುದಿಲ್ಲ. ಅಡಿಗೆ ಒಂದು ಪುಟ್ಟ ಅಯಸ್ಕಾಂತ ಕೂರಿಸಿ, ಬೇಕಾದಾಗ ಟಕ್ ಎಂದು ಎತ್ತುವ ಹಾಗೆ ಮಾಡಿಕೊಂಡಿದ್ದೇವೆ.

ಮೃಗದ ಬಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆನೆ ನಡೆದದ್ದೇ ದಾರಿ ಅನ್ನುತ್ತೇವಲ್ಲ, ಆ ಮಾತಿಗೆ ಇಲ್ಲೊಂದು ನಿಯಮವೇ ಇದೆ, ಥಂಡರ್‌ಸ್ಟಾಂಪ್ ಅಂತ. ಕಾದಾಟದ ಕೊನೆಯಲ್ಲಿ ಒಂದು ದಾಳ ಹಾಕಿ, ಎಷ್ಟು ಬಿತ್ತೋ ಅಷ್ಟು ಏಟು ಕಾಲಡಿಯ ಕಾಲಾಳುಗಳಿಗೆ ತಪ್ಪದೇ ಬೀಳುತ್ತದೆ. ಆದರೆ ಇದಕ್ಕೂ ಕಡಿವಾಣ ಉಂಟು. ಕಾಲಾಳುಗಳ ಹಿಂದೆ ಸಾಲುಗಳು ಹೆಚ್ಚಿದ್ದರೆ ಅವರು ಸೋತರೂ ಧೈರ್ಯ ಕುಂದದೆ ನಿಲ್ಲುತ್ತಾರೆ. ಒಂಟಿ ಡ್ರ್ಯಾಗನ್ 40 ಈಟಿಗಾರರ ನಡುವೆ ಸಿಕ್ಕಿಕೊಂಡು ಅರ್ಧ ಆಟ ಅಲ್ಲೇ ಕಳೆದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಇನ್ನು ತೋಪು. ಒಂದೇ ಗುಂಡಿಗೆ ಆರು ಗಾಯದವರೆಗೂ ಆಗಬಹುದು. ಡ್ರ್ಯಾಗನ್ ಹೊರಡಿಸುವವನ ಕಣ್ಣು ಎದುರಾಳಿಯ ತೋಪಿನ ಮೇಲಿಂದ ಕದಲುವುದಿಲ್ಲ.

ನನಗೆ ಈ ನಿಯಮದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಸವಾರ ಸತ್ತ ಮೇಲಿನದು. ಆಗ ಮೃಗ ತನ್ನ ಸ್ವಂತ ಧೈರ್ಯದ ಮೇಲೆ ಪರೀಕ್ಷೆ ಕೊಡಬೇಕು. ಗೆದ್ದರೆ ನಮ್ಮ ಮಾತು ಕೇಳುತ್ತಾ ಆಡುತ್ತದೆ. ಸೋತರೆ ಮತ್ತೊಂದು ದಾಳ, ಮೂರು ದಾರಿ. ದಿಕ್ಕು ತೋಚದೆ ಮಂಕಾಗಬಹುದು. ಒಡೆಯನ ಹೆಣ ಕಾಯುತ್ತಾ ನಿಂತ ಜಾಗ ಬಿಡದೇ ಇರಬಹುದು. ಇಲ್ಲವೇ ರೊಚ್ಚಿಗೆದ್ದು ಎದುರಾದವರ ಮೇಲೆ ಬೀಳಬಹುದು. ದಸರೆಯ ಆನೆಗಳನ್ನು ಹತ್ತಿರದಿಂದ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾವುತ, ಕಾವಾಡಿಗಳ ದನಿಗೆ ಕಿವಿಗೊಡುವ ಆ ಜೀವಕ್ಕೆ ಆ ದನಿಯೇ ನಿಂತುಹೋದರೆ ಏನಾಗುತ್ತದೆ ಎಂಬುದನ್ನು ನಿಯಮ ಬರೆದವರು ಯೋಚಿಸಿದ್ದಾರೆ.

ಇತಿಹಾಸದಲ್ಲಿ ಮೇಲೆ ಕೂತವನು ಬಿದ್ದರೆ ದಿಕ್ಕು ತಪ್ಪುತ್ತಿದ್ದುದು ಆನೆಯೊಂದೇ ಅಲ್ಲ. 1556ರ ಎರಡನೇ ಪಾಣಿಪತ್ ಯುದ್ಧದಲ್ಲಿ ಆನೆಯ ಮೇಲಿದ್ದ ಹೇಮುವಿನ ಕಣ್ಣಿಗೆ ಬಾಣ ನಾಟಿತು, ಗೆಲ್ಲುವ ಹಾದಿಯಲ್ಲಿದ್ದ ಸೇನೆ ಚದುರಿಹೋಯಿತು. 1658ರಲ್ಲಿ ಸಾಮೂಗಢದಲ್ಲಿ ದಾರಾ ಶಿಕೋ ಆನೆಯಿಂದಿಳಿದು ಕುದುರೆ ಹತ್ತಿದ. ಬರಿದಾದ ಅಂಬಾರಿ ಕಂಡು ಅವನೇ ಸತ್ತನೆಂದು ಪಡೆ ಓಡಿತು. ಎತ್ತರದಲ್ಲಿ ಕೂತವನು ಎಲ್ಲರಿಗೂ ಕಾಣುತ್ತಾನೆ. ಅದೇ ಅವನ ಬಲ, ಅಪಾಯವೂ ಅದೇ.

ಈಗಿನ ಆಟಗಳು ಬೇರೆ ದಾರಿ ಹಿಡಿದಿವೆ. 2024ರ ಜನವರಿಯಲ್ಲಿ ಬಂದ ದಿ ಓಲ್ಡ್ ವರ್ಲ್ಡ್‌ನಲ್ಲಿ ಸವಾರನ ಗಾಯಕ್ಕೆ ಮೃಗದ ಗಾಯವನ್ನು ಕೂಡಿಸಿ ಒಂದೇ ಮೊತ್ತ ಮಾಡುತ್ತಾರೆ. ಗಟ್ಟಿತನವೂ ಹಾಗೇ ಕೂಡುತ್ತದೆ. ಎದುರಾಳಿಗೆ ಕೊಡುವ ಏಟು ಮಾತ್ರ ಇಬ್ಬರದೂ ಬೇರೆ ಬೇರೆ. ಬಾಣ ಯಾರಿಗೆ ಬಿತ್ತು ಎಂಬ ದಾಳ ಹೋಯಿತು, ಇಬ್ಬರೂ ಒಟ್ಟಿಗೇ ಬದುಕುತ್ತಾರೆ, ಒಟ್ಟಿಗೇ ಸಾಯುತ್ತಾರೆ. ಆಟ ಬೇಗ ಸಾಗುತ್ತದೆ, ಜಗಳ ಕಡಿಮೆ. ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಹಳೆಯ ನಿಯಮದ ಕಡೆಗೇ. ಎರಡು ಜೀವವನ್ನು ಒಂದು ಮಾಡಿದ ಕ್ಷಣ ಮೃಗ ದೊಡ್ಡ ಕುದುರೆಯಾಗಿಬಿಡುತ್ತದೆ.

ಹಳೆಯ ಕಾಲದ ಯುದ್ಧಗಳನ್ನು ಆಡುವಾಗ ಆನೆಗಳಿಗೆಂದು ನಾವೇ ಒಂದು ಮನೆ ನಿಯಮ ಮಾಡಿಕೊಂಡಿದ್ದೇವೆ. ಕ್ರಿ.ಪೂ. 207ರ ಮೆಟಾರಸ್ ಯುದ್ಧದ ಬಗ್ಗೆ ರೋಮಿನ ಇತಿಹಾಸಕಾರ ಲಿವಿ ಒಂದು ಸಂಗತಿ ಬರೆದಿದ್ದಾನೆ. ಕಾರ್ಥೇಜಿನ ಸೇನಾಪತಿ ಹಸ್ದ್ರುಬಾಲನ ಮಾವುತರ ಬಳಿ ಉಳಿಯೂ ಸುತ್ತಿಗೆಯೂ ಇರುತ್ತಿದ್ದವಂತೆ. ಆನೆ ಕೆರಳಿ ಸ್ವಂತ ಪಡೆಯ ಮೇಲೇ ತಿರುಗಿದರೆ, ಕುತ್ತಿಗೆಯೂ ತಲೆಯೂ ಕೂಡುವ ಜಾಗಕ್ಕೆ ಉಳಿಯಿಟ್ಟು ಹೊಡೆದು ಕೊಲ್ಲುವುದು. ಹಾಗಾಗಿ ನಮ್ಮ ಹಲಗೆಯ ಮೇಲೆ ಆನೆ ಬೆದರಿದರೆ ಮಾವುತನಿಗೆ ಒಂದು ದಾಳ. 4 ಅಥವಾ ಹೆಚ್ಚು ಬಿದ್ದರೆ ಆನೆಯನ್ನು ಎತ್ತಿಡುತ್ತೇವೆ, ಕಡಿಮೆ ಬಿದ್ದರೆ ಅದು ಹೋದ ಕಡೆ ಹೋಗುತ್ತದೆ. ಆ ದಾಳ ಹಾಕುವಾಗ ಮೇಜಿನ ಸುತ್ತ ಯಾರೂ ಮಾತಾಡುವುದಿಲ್ಲ.

ಹುಡುಗನ ಪ್ರಶ್ನೆಗೆ ಬರೋಣ. ಅವನು ಹನ್ನೆರಡು ದಾಳವನ್ನೂ ಮತ್ತೆ ಹಾಕಿದ. ಏಳು ಡ್ರ್ಯಾಗನ್‌ಗೆ, ಐದು ರಾಜಕುಮಾರನಿಗೆ. ಆ ಸುತ್ತಿನಲ್ಲಿ ಕವಚ ಕಾಪಾಡಿ ಒಂದೇ ಗಾಯವಾಯಿತು. ಮೂರನೇ ಸುತ್ತಿಗೆ ರಾಜಕುಮಾರ ಬಿದ್ದ. ನಾನು ಅವನನ್ನು ಅಯಸ್ಕಾಂತದಿಂದ ಬಿಡಿಸಿ ಡ್ರ್ಯಾಗನ್‌ನ ಮುಂಗಾಲ ಹತ್ತಿರ ಮಲಗಿಸಿದೆ. ಧೈರ್ಯದ ಪರೀಕ್ಷೆ ಸೋತಿತು. ಮುಂದಿನ ದಾಳಕ್ಕೆ ಹೆಣ ಕಾಯುವುದು ಬಿತ್ತು. ಸಂಜೆ ಕಾಫಿ ಬರುವವರೆಗೂ ಅದು ಅಲ್ಲೇ ನಿಂತಿತ್ತು. ಹುಡುಗ ತನ್ನ ಪಡೆಯನ್ನು ಅದರ ಪಕ್ಕದಿಂದ ದೂರ ಸುತ್ತಿಸಿಕೊಂಡು ಹೋದ.